ಸೂಪರ್‌ಜೂಮ್ ಕ್ಯಾಮೆರಾದಿಂದ ಎಂಥ ಚಿತ್ರ ನಿರೀಕ್ಷಿಸಬಹುದು? ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ ನೋಡುವ ಹವ್ಯಾಸ ಹಿಡಿದವರಲ್ಲಿ ಅನೇಕರು ದುರ್ಬೀನಿನ ಬೆನ್ನಿಗೇ ಸೂಪರ್‌ಜೂಮ್ ಕ್ಯಾಮೆರಾವನ್ನೂ ಕೊಳ್ಳುತ್ತಾರೆ. ಕೆರೆಯ ಆಚೆ ದಡದ ಹಕ್ಕಿ ಪರದೆಯ ತುಂಬ ಬಂದು ನಿಂತಾಗ ಆಗುವ ಸಂಭ್ರಮ, ಅದೇ ಚಿತ್ರವನ್ನು ರಾತ್ರಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಅರ್ಧಕ್ಕಿಳಿಯುತ್ತದೆ. ಕ್ಯಾಮೆರಾ ಕೆಟ್ಟಿದೆಯೇ, ತಮಗೆ ತೆಗೆಯಲು ಬಾರದೇ, ಅಥವಾ ಅಂಗಡಿಯವರು ಹೇಳಿದ್ದೇ ಸುಳ್ಳೇ ಎಂಬ ಅನುಮಾನಗಳು ಆಗ ಏಳುತ್ತವೆ. ಹಲವು ವರ್ಷಗಳಿಂದ ಇಂಥ ಕ್ಯಾಮೆರಾಗಳನ್ನೇ ಬಳಸುತ್ತ ಬಂದವನಾಗಿ, ಹೊಸಬರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಸೂಪರ್‌ಜೂಮ್ ಎಂದು ಯಾವ ಕ್ಯಾಮೆರಾವನ್ನು ಕರೆಯುತ್ತಾರೆ?

ಬಿಚ್ಚಲಾಗದ ಒಂದೇ ಲೆನ್ಸಿನಲ್ಲಿ ವಿಶಾಲ ನೋಟದಿಂದ ಬಹುದೂರದ ನೋಟದವರೆಗೆ ಎಲ್ಲವನ್ನೂ ಅಡಗಿಸಿರುವ ಕ್ಯಾಮೆರಾಗಳಿಗೆ ಈ ಹೆಸರು. ಬ್ರಿಜ್ ಕ್ಯಾಮೆರಾ ಎಂದೂ ಹೇಳುವುದುಂಟು. 2015ರ ನಿಕಾನ್ ಪಿ900, 2018ರ ಪಿ1000, 2020ರ ಪಿ950, ಕ್ಯಾನನ್‌ನ ಎಸ್‌ಎಕ್ಸ್50 ಮತ್ತು ಎಸ್‌ಎಕ್ಸ್70 ಒಂದು ಗುಂಪಿನವು. ಇವುಗಳ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಬಹಳ ಚಿಕ್ಕದು. ಸೋನಿ ಆರ್‌ಎಕ್ಸ್10ರ ಮೂರನೆಯ ಮತ್ತು ನಾಲ್ಕನೆಯ ಆವೃತ್ತಿಗಳು, ಪ್ಯಾನಸಾನಿಕ್ ಎಫ್‌ಝಡ್1000 ಇನ್ನೊಂದು ಗುಂಪಿನವು. ಇವುಗಳಲ್ಲಿ ಒಂದು ಇಂಚಿನದೆಂದು ಕರೆಯಲಾಗುವ, ವಿಸ್ತೀರ್ಣದಲ್ಲಿ ಮೊದಲಿನದರ ನಾಲ್ಕು ಪಟ್ಟು ಇರುವ ಸೆನ್ಸರ್ ಇದೆ, ಆದರೆ ಜೂಮ್ ಅಷ್ಟು ದೂರ ಹೋಗುವುದಿಲ್ಲ.

ಪೆಟ್ಟಿಗೆಯ ಮೇಲೆ 2000 ಮಿ.ಮೀ. ಎಂದು ಬರೆದಿದೆ, ಲೆನ್ಸಿನ ಮೇಲೆ 357 ಮಿ.ಮೀ. ಎಂದಿದೆ. ಯಾವುದು ನಿಜ?

ಲೆನ್ಸಿನ ಸಂಗಮದೂರ (ಫೋಕಲ್ ಲೆಂತ್) ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ. ಪಿ900ರ ಲೆನ್ಸಿನ ನಿಜವಾದ ಸಂಗಮದೂರ 4.3ರಿಂದ 357 ಮಿ.ಮೀ. ಹಿಂದಿನ 35 ಎಂ.ಎಂ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಅಷ್ಟೇ ಕಿರಿದಾದ ನೋಟ ಸಿಗಬೇಕಾದರೆ 2000 ಮಿ.ಮೀ. ಲೆನ್ಸ್ ಬೇಕಾಗುತ್ತಿತ್ತು ಎಂಬುದಷ್ಟೇ ಪೆಟ್ಟಿಗೆಯ ಮೇಲಿನ ಮಾತಿನ ಅರ್ಥ. ನೋಟದ ಕೋನದ ಮಟ್ಟಿಗೆ ಅದು ಸುಳ್ಳಲ್ಲ. ಚಿತ್ರದ ಗುಣಮಟ್ಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇನ್ನು 83 ಪಟ್ಟು, 125 ಪಟ್ಟು ಎಂಬ ಸಂಖ್ಯೆಗಳು ಲೆನ್ಸಿನ ಅತಿ ದೊಡ್ಡ ಸಂಗಮದೂರವನ್ನು ಅತಿ ಚಿಕ್ಕದರಿಂದ ಭಾಗಿಸಿದಾಗ ಬರುವ ಲಬ್ಧ ಮಾತ್ರ. ಅವು ನಮ್ಮ ಕಣ್ಣಿಗಿಂತ ಎಷ್ಟು ಪಟ್ಟು ಹತ್ತಿರ ತೋರಿಸುತ್ತವೆ ಎಂಬ ಲೆಕ್ಕವಲ್ಲ.

ದೊಡ್ಡ ಕ್ಯಾಮೆರಾದವರ ಚಿತ್ರದಲ್ಲಿ ಗರಿಯ ಎಳೆಎಳೆ ಕಾಣುತ್ತದೆ, ನನ್ನ ಚಿತ್ರದಲ್ಲಿ ಬಣ್ಣ ಕಲಸಿ ಬಳಿದಂತಿದೆ. ಏಕೆ?

ಮುಖ್ಯ ಕಾರಣ ಬೆಳಕಿನ ಅಭಾವ. ಚಿಕ್ಕ ಸೆನ್ಸರಿನ ಉದ್ದ ಸುಮಾರು 6.2 ಮಿ.ಮೀ., ಅಗಲ ಸುಮಾರು 4.6 ಮಿ.ಮೀ.; ವಿಸ್ತೀರ್ಣ 28 ಚದರ ಮಿ.ಮೀ. ಪೂರ್ಣ ಗಾತ್ರದ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ ಇದ್ದು ವಿಸ್ತೀರ್ಣ 864 ಚದರ ಮಿ.ಮೀ., ಅಂದರೆ ಸುಮಾರು 31 ಪಟ್ಟು. ಒಂದೇ ಅಪರ್ಚರ್ (ಬೆಳಕಿನ ಕಂಡಿ ತೆರೆದಿರುವ ಪ್ರಮಾಣ), ಒಂದೇ ಶಟರ್ ವೇಗದಲ್ಲಿ (ಬೆಳಕು ಒಳಬರುವ ಹೊತ್ತು) ಎರಡೂ ಚಿತ್ರ ತೆಗೆದರೆ, ಚಿಕ್ಕದಕ್ಕೆ ಒಟ್ಟು ಸಿಗುವ ಬೆಳಕು ದೊಡ್ಡದರ ಮೂವತ್ತನೆಯ ಒಂದು ಪಾಲು. ಬೆಳಕು ಕಡಿಮೆಯಾದಷ್ಟೂ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಹೆಚ್ಚುತ್ತದೆ. ಅದನ್ನು ಮರೆಮಾಡಲು ಕ್ಯಾಮೆರಾ ತನ್ನೊಳಗೇ ಚಿತ್ರವನ್ನು ಒರೆಸಿ ನುಣುಪುಗೊಳಿಸುತ್ತದೆ. ಗರಿಯ ಎಳೆಗೂ ನಾಯ್ಸಿನ ಕಾಳಿಗೂ ವ್ಯತ್ಯಾಸ ತಿಳಿಯದ ಆ ಒರೆಸುಬಟ್ಟೆ ಎರಡನ್ನೂ ಒಟ್ಟಿಗೇ ಅಳಿಸಿಹಾಕುತ್ತದೆ. ಬಣ್ಣ ಕಲಸಿದಂತೆ ಕಾಣುವುದು ಇದರಿಂದಲೇ.

ಆದರೆ ಸೆನ್ಸರನ್ನು ಮಾತ್ರ ದೂರಿದರೆ ಅರ್ಧ ಸತ್ಯ ಹೇಳಿದಂತೆ. ದೂರದ ಹಕ್ಕಿಯೊಂದರಿಂದ ಹೊರಟ ಬೆಳಕಿನಲ್ಲಿ ಎಷ್ಟನ್ನು ಲೆನ್ಸ್ ಬಾಚಿಕೊಳ್ಳುತ್ತದೆ ಎಂಬುದು ಬೆಳಕು ಒಳಹೋಗುವ ಕಂಡಿಯ ವ್ಯಾಸವನ್ನು ಅವಲಂಬಿಸಿದೆ. ಸಂಗಮದೂರವನ್ನು ಅಪರ್ಚರಿನ ಸಂಖ್ಯೆಯಿಂದ (ಎಫ್/6.5 ಎಂದು ಬರೆಯುವುದರಲ್ಲಿನ 6.5) ಭಾಗಿಸಿದರೆ ಈ ವ್ಯಾಸ ದೊರೆಯುತ್ತದೆ. ಪಿ900ರಲ್ಲಿ 357ನ್ನು 6.5ರಿಂದ ಭಾಗಿಸಿದರೆ 55 ಮಿ.ಮೀ.; ಪಿ1000ದಲ್ಲಿ 539ನ್ನು 8ರಿಂದ ಭಾಗಿಸಿದರೆ 67 ಮಿ.ಮೀ.; ಎಸ್‌ಎಕ್ಸ್70ರಲ್ಲಿ 38 ಮಿ.ಮೀ. ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ 150–600 ಮಿ.ಮೀ. ಜೂಮ್ ಲೆನ್ಸುಗಳಲ್ಲಿ ಎಫ್/6.3ರ ಲೆಕ್ಕಕ್ಕೆ ಅದು 95 ಮಿ.ಮೀ. ಆಗುತ್ತದೆ; ವೃತ್ತಿಪರರ 600 ಮಿ.ಮೀ. ಎಫ್/4 ಲೆನ್ಸಿನಲ್ಲಿ 150 ಮಿ.ಮೀ. ಬೆಳಕು ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಕೊಂಬೆಯ ಮೇಲಿನ ಅದೇ ಹಕ್ಕಿಯಿಂದ 150–600 ಲೆನ್ಸ್ ಪಿ900ರ ಮೂರು ಪಟ್ಟು ಬೆಳಕನ್ನೂ, 600 ಎಫ್/4 ಲೆನ್ಸ್ ಏಳು ಪಟ್ಟಿಗೂ ಹೆಚ್ಚು ಬೆಳಕನ್ನೂ ಪಡೆಯುತ್ತದೆ. ಆ ದೊಡ್ಡ ಲೆನ್ಸ್ ಒಂದೇ 3 ಕೆ.ಜಿ. ಆಸುಪಾಸು ತೂಗುತ್ತದೆ, ಅದರ ಬೆಲೆಯಲ್ಲಿ ಹಳ್ಳಿಯ ಕಡೆ ನಿವೇಶನವನ್ನೇ ಕೊಳ್ಳಬಹುದು. ಆ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮದನ್ನು ತೂಗಿದರೆ ತಕ್ಕಡಿಯೇ ತಪ್ಪು.

ಹಾಗಾದರೆ ಒಂದು ಇಂಚಿನ ಸೆನ್ಸರಿನ 600 ಮಿ.ಮೀ. ಕ್ಯಾಮೆರಾ ಮೇಲೋ, ಚಿಕ್ಕ ಸೆನ್ಸರಿನ 2000 ಮಿ.ಮೀ. ಕ್ಯಾಮೆರಾ ಮೇಲೋ?

ಈ ಪ್ರಶ್ನೆಯ ಮೇಲೆ ಹವ್ಯಾಸಿಗಳು ಗಂಟೆಗಟ್ಟಲೆ ವಾದ ಮಾಡುವುದನ್ನು ಕೇಳಿದ್ದೇನೆ. ಮೇಲಿನ ಭಾಗಾಕಾರವನ್ನೇ ಮುಂದುವರಿಸಿದರೆ ಸ್ವಾರಸ್ಯದ ಸಂಗತಿಯೊಂದು ಹೊರಬೀಳುತ್ತದೆ. ಆರ್‌ಎಕ್ಸ್10ರ ನಾಲ್ಕನೆಯ ಆವೃತ್ತಿಯ ನಿಜವಾದ ಸಂಗಮದೂರ 220 ಮಿ.ಮೀ., ಅಪರ್ಚರ್ ಎಫ್/4. ಭಾಗಿಸಿದರೆ ಬರುವುದು ಅದೇ 55 ಮಿ.ಮೀ. ಅಂದರೆ ದೂರದ ಒಂದು ಹಕ್ಕಿಯಿಂದ ಎರಡೂ ಕ್ಯಾಮೆರಾಗಳು ಪಡೆಯುವ ಬೆಳಕು ಸಮಸಮ. ಪಿ900 ಆ ಬೆಳಕನ್ನು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ, ಆರ್‌ಎಕ್ಸ್10 ಕಡಿಮೆ ಪಿಕ್ಸೆಲ್‌ಗಳ ಮೇಲೆ ಒಟ್ಟುಗೂಡಿಸುತ್ತದೆ. 30 ಮೀಟರ್ ದೂರದಲ್ಲಿ ಕುಳಿತ, 16 ಸೆಂ.ಮೀ. ಉದ್ದದ ಕಿರು ಮಿಂಚುಳ್ಳಿ ಪಿ900ರ ಚಿತ್ರದಲ್ಲಿ ಸುಮಾರು 1,400 ಪಿಕ್ಸೆಲ್ ಉದ್ದ ಇರುತ್ತದೆ, ಆರ್‌ಎಕ್ಸ್10ರಲ್ಲಿ 500ಕ್ಕಿಂತ ತುಸು ಕಡಿಮೆ. ಮೊದಲನೆಯದರಲ್ಲಿ ಹಕ್ಕಿ ಸುಮಾರು ಮೂರು ಪಟ್ಟು ದೊಡ್ಡದಾಗಿ ಕಂಡರೂ ವಿವರ ಮೂರು ಪಟ್ಟು ಇರುವುದಿಲ್ಲ, ಏಕೆಂದರೆ 55 ಮಿ.ಮೀ. ಕಂಡಿಯ ಮೂಲಕ ಹಾಯುವ ಬೆಳಕು ಒಂದು ಮಿತಿಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ತೋರಿಸಲಾರದು. ವಿವರ ಒಂದಿಷ್ಟು ಹೆಚ್ಚು ಸಿಗುವುದು ನಿಜ. ಉಳಿದದ್ದು ಬರಿಯ ಹಿಗ್ಗು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಕ್ಕಿ ಹತ್ತಿರವಿದ್ದು ಎರಡೂ ಕ್ಯಾಮೆರಾಗಳಲ್ಲಿ ಚೌಕಟ್ಟು ತುಂಬುವಂತಿದ್ದರೆ, ಒಂದು ಇಂಚಿನ ಸೆನ್ಸರ್ ನಿಸ್ಸಂದೇಹವಾಗಿ ಮೇಲು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅಲ್ಲಿ 600 ಮಿ.ಮೀ. ಕೂಡ ಹೆಚ್ಚೇ. ರಂಗನತಿಟ್ಟಿನ ದೋಣಿಯೂ ಹಕ್ಕಿಗಳಿಗೆ ಬಲು ಸಮೀಪ ಸಾಗುತ್ತದೆ. ಊರ ಕೆರೆಯ ನಡುನೀರಿನ ಬಾತುಗಳನ್ನು ದಡದಿಂದಲೇ ಗುರುತಿಸಬೇಕಾದವರಿಗೆ ಮಾತ್ರ 2000 ಮಿ.ಮೀ. ನಿಜಕ್ಕೂ ಕೆಲಸಕ್ಕೆ ಬರುತ್ತದೆ. ತಾವು ಎಲ್ಲಿ ನಿಂತು ಯಾವ ಹಕ್ಕಿಯನ್ನು ತೆಗೆಯುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.

ಪೂರ್ತಿ ಜೂಮ್ ಮಾಡಿದಾಗ ಚಿತ್ರ ಮಂಕಾಗುತ್ತದೆ. ಇದು ಲೆನ್ಸಿನ ದೋಷವೇ?

ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ಮೂರು ಸಂಗತಿಗಳು ಇಲ್ಲಿ ಕೂಡಿಕೊಳ್ಳುತ್ತವೆ.

ಮೊದಲನೆಯದು ವಿವರ್ತನೆ. ಕಿರಿದಾದ ಕಂಡಿಯ ಮೂಲಕ ಹಾಯುವ ಬೆಳಕು ಒಂದು ಚುಕ್ಕೆಯಾಗಿ ಬೀಳದೆ ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಎಫ್/6.5ರಲ್ಲಿ ಹಸಿರು ಬೆಳಕಿನ ಬಿಲ್ಲೆಯ ವ್ಯಾಸ ಸುಮಾರು 8.7 ಮೈಕ್ರಾನ್, ಎಫ್/8ರಲ್ಲಿ 10.7 ಮೈಕ್ರಾನ್, 16 ಮೆಗಾಪಿಕ್ಸೆಲ್‌ನ ಚಿಕ್ಕ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 1.3 ಮೈಕ್ರಾನ್. ಒಂದು ಚುಕ್ಕೆಯಲ್ಲಿ ನಿಲ್ಲಬೇಕಾದ ಬೆಳಕು ಆರೆಂಟು ಪಿಕ್ಸೆಲ್‌ಗಳ ಅಗಲಕ್ಕೆ ಚೆಲ್ಲಿಕೊಂಡ ಮೇಲೆ, ಪ್ರತಿ ಪಿಕ್ಸೆಲ್ಲೂ ಚೂಪಾಗಿರಬೇಕೆಂದು ಬಯಸುವುದು ವ್ಯರ್ಥ. ಲೆನ್ಸ್ ಎಷ್ಟೇ ಚೆನ್ನಾಗಿ ತಯಾರಾಗಿದ್ದರೂ ಈ ಮಿತಿಯನ್ನು ದಾಟುವಂತಿಲ್ಲ. ದೊಡ್ಡ ಕ್ಯಾಮೆರಾದವರು ಚೂಪಿಗಾಗಿ ಕಂಡಿಯನ್ನು ಎಫ್/8, ಎಫ್/11ಕ್ಕೆ ಕಿರಿದಾಗಿಸಿಕೊಳ್ಳುವ ಅಭ್ಯಾಸವನ್ನು ಇಲ್ಲಿ ಅನುಸರಿಸಿದರೆ ಚಿತ್ರ ಇನ್ನಷ್ಟು ಕೆಡುತ್ತದೆ. ಅಪರ್ಚರನ್ನು ಯಾವಾಗಲೂ ಪೂರ್ತಿ ತೆರೆದೇ ಇಡಬೇಕು.

ಎರಡನೆಯದು ಕೈನಡುಕ. 2000 ಮಿ.ಮೀ. ನೋಟಕ್ಕೆ ಹಳೆಯ ಲೆಕ್ಕದಂತೆ 1/2000 ಸೆಕೆಂಡ್ ಶಟರ್ ವೇಗ ಬೇಕು. ಕ್ಯಾಮೆರಾದೊಳಗಿನ ಸ್ಥಿರೀಕರಣವು ಐದು ಹಂತಗಳಷ್ಟು (ಹಂತಕ್ಕೊಮ್ಮೆ ಹೊತ್ತು ಇಮ್ಮಡಿ) ನೆರವಾಗುತ್ತದೆ ಎಂದು ತಯಾರಕರು ಹೇಳುವುದನ್ನು ನಂಬಿದರೆ 1/60 ಸಾಕು. ಕಲ್ಲಿನ ವಿಗ್ರಹಕ್ಕೆ ಅದು ನಿಜವಾಗಬಹುದು. ಕ್ಷಣಕ್ಕೊಮ್ಮೆ ಕತ್ತು ತಿರುಗಿಸುವ ಹಕ್ಕಿಗೆ 1/250ಕ್ಕಿಂತ ಕೆಳಗಿಳಿದರೆ ಕೈ ಅಲುಗದಿದ್ದರೂ ಹಕ್ಕಿ ಅಲುಗಿರುತ್ತದೆ.

ಮೂರನೆಯದು ಗಾಳಿ. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಚಿತ್ರಗಳನ್ನು ಕೆಡಿಸುವುದು ಇದೇ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಆಚೀಚೆ ಬಾಗಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ನೀರು ಹೊಳೆದಂತೆ ಕಾಣುವುದೂ ಇದೇ ಕಾರಣಕ್ಕೆ. ಬೆಳಿಗ್ಗೆ ಹತ್ತರ ಮೇಲೆ ಉತ್ತ ಹೊಲದಾಚೆಯ ಟಿಟ್ಟಿಭವನ್ನು 150 ಮೀಟರ್ ದೂರದಿಂದ ತೆಗೆದರೆ, ಟ್ರೈಪಾಡ್ ಇರಲಿ, ಲಕ್ಷಾಂತರ ರೂಪಾಯಿಯ ಲೆನ್ಸೇ ಇರಲಿ, ಹಕ್ಕಿಯ ಅಂಚುಗಳು ಅಲೆಅಲೆಯಾಗಿಯೇ ಬರುತ್ತವೆ. ಹೊತ್ತು ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಮಳೆ ನಿಂತು ಮೋಡ ಮುಚ್ಚಿದ ಸಮಯ, ನೀರಿನ ಮೇಲೆ ಹಾದುಬರುವ ನೋಟ, ಇವು ಗಾಳಿ ಹೆಚ್ಚಾಗಿ ಶಾಂತವಾಗಿರುವ ಸಂದರ್ಭಗಳು.

ಯಾವ ಹಕ್ಕಿಯನ್ನು ಎಷ್ಟು ದೂರದಿಂದ ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆ?

2000 ಮಿ.ಮೀ. ನೋಟದಲ್ಲಿ ಚೌಕಟ್ಟಿನ ಅಗಲ 15 ಮೀಟರ್ ದೂರಕ್ಕೆ 26 ಸೆಂ.ಮೀ., 50 ಮೀಟರಿಗೆ 86 ಸೆಂ.ಮೀ., 100 ಮೀಟರಿಗೆ ಸುಮಾರು 1.7 ಮೀಟರ್. ಇದರ ಪ್ರಕಾರ ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ 100 ಮೀಟರ್ ದೂರದಲ್ಲೂ ಚೌಕಟ್ಟನ್ನು ಬಹುಮಟ್ಟಿಗೆ ತುಂಬುತ್ತದೆ. ತುಂಬಿದ ಮಾತ್ರಕ್ಕೆ ಚೆನ್ನಾಗಿ ಬಂತೆಂದಲ್ಲ. ಸೂರಕ್ಕಿ, ಕಿರು ಮಿಂಚುಳ್ಳಿಯಂಥ ಪುಟ್ಟ ಹಕ್ಕಿಗಳಿಗೆ 20 ಮೀಟರ್, ಮೈನಾ ಗಾತ್ರದವಕ್ಕೆ 40 ಮೀಟರ್, ಕೊಕ್ಕರೆಯಂಥವಕ್ಕೆ ತಂಪು ಬೆಳಗಿನಲ್ಲಿ 80 ಮೀಟರ್ ಎಂಬುದು ನಾನು ಇಟ್ಟುಕೊಂಡಿರುವ ಗಡಿ. ಇದರಾಚೆಗಿನವು ಗುರುತು ಹಿಡಿಯಲು ಸಾಕಾಗುವ ದಾಖಲೆ ಚಿತ್ರಗಳು. ಹಕ್ಕಿಗಳ ಪಟ್ಟಿ ಮಾಡುವವರಿಗೆ ಅಂಥ ಚಿತ್ರದ ಬೆಲೆಯೇನೂ ಕಡಿಮೆಯಲ್ಲ: ಬಾನಿನಲ್ಲಿ ಚುಕ್ಕೆಯಾಗಿದ್ದ ಹದ್ದಿನ ಬಾಲ ಕವಲೊಡೆದಿದೆಯೋ ದುಂಡಗಿದೆಯೋ ಎಂಬುದನ್ನು ಮನೆಗೆ ಬಂದು ನಿಧಾನವಾಗಿ ನೋಡಬಹುದು. ಆದರೆ ಹತ್ತಿರ ಹೋಗಬೇಕೆಂದು ಗೂಡಿನ ಬಳಿ ನುಗ್ಗಬಾರದು. ಜೂಮ್ ಇರುವುದೇ ಆ ಅಗತ್ಯವನ್ನು ತಪ್ಪಿಸುವುದಕ್ಕೆ.

ಐಎಸ್‌ಒ ಎಷ್ಟರವರೆಗೆ ಏರಿಸಬಹುದು?

ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ; ಮಂದ ಬೆಳಕಿನಲ್ಲಿ ಅದನ್ನು ಏರಿಸಿದಷ್ಟೂ ನಾಯ್ಸ್ ಎದ್ದು ಕಾಣುತ್ತದೆ. ಚಿಕ್ಕ ಸೆನ್ಸರಿನಲ್ಲಿ 100 ಮತ್ತು 200 ಚೆನ್ನ, 400 ಒಪ್ಪತಕ್ಕದ್ದು, 800 ಅನಿವಾರ್ಯವಾದಾಗ ಮಾತ್ರ. ಒಂದು ಇಂಚಿನ ಸೆನ್ಸರಿನಲ್ಲಿ 1600ರವರೆಗೆ ಹೋಗಬಹುದು. ಅದಕ್ಕಿಂತ ಮೇಲಿನವು ಮೆನುವಿನಲ್ಲಿ ಇರುತ್ತವೆ, ಇರಲಿ. ಇದರ ಪರಿಣಾಮ ಎಲ್ಲಿ ತಟ್ಟುತ್ತದೆ ಎಂದರೆ ಕಾಡಿನಲ್ಲಿ. ಬಯಲಿನ ಎಳೆಬಿಸಿಲಿನಲ್ಲಿ ಎಫ್/6.5, 1/500 ಸೆಕೆಂಡಿಗೆ ಐಎಸ್‌ಒ 100 ಅಥವಾ 200 ಸಾಕು. ದಾಂಡೇಲಿಯಂಥ ದಟ್ಟ ಮರಗಳ ನೆರಳಿನಲ್ಲಿ ಅದೇ ಅಪರ್ಚರ್ ಮತ್ತು ವೇಗಕ್ಕೆ 2000ದಿಂದ 4000 ಬೇಕಾಗುತ್ತದೆ. ಹಾಗಾಗಿ ನೆರಳಿನಲ್ಲಿ ಕುಳಿತ ಮಂಗಟ್ಟೆಯನ್ನು ಈ ಕ್ಯಾಮೆರಾದಿಂದ ಗರಿಗರಿಯಾಗಿ ಸೆರೆಹಿಡಿಯುವ ಆಸೆ ಬೇಡ; ಅದು ಬಿಸಿಲು ಬಿದ್ದ ಕೊಂಬೆಗೆ ಬರುವವರೆಗೆ ಕಾಯುವುದೇ ಲೇಸು. ಜೂಮನ್ನು ಸ್ವಲ್ಪ ಹಿಂದಕ್ಕೆ ತಂದರೆ ಅಪರ್ಚರ್ ಹೆಚ್ಚು ತೆರೆದುಕೊಳ್ಳುವುದರಿಂದ ಒಂದಿಷ್ಟು ಐಎಸ್‌ಒ ಉಳಿಸಲೂಬಹುದು.

ರಾ ಫೈಲಿನಲ್ಲಿ ತೆಗೆದರೆ ಗುಣಮಟ್ಟ ಹೆಚ್ಚುತ್ತದೆಯೇ?

ರಾ ಎಂದರೆ ಕ್ಯಾಮೆರಾ ಒರೆಸಿ ನುಣುಪುಗೊಳಿಸದೆ ಉಳಿಸುವ ಮೂಲ ಫೈಲ್. ಅದರಲ್ಲಿ ಕ್ಯಾಮೆರಾದ ಒರೆಸುಬಟ್ಟೆಯ ಬದಲು ನಿಮ್ಮದೇ ಒರೆಸುಬಟ್ಟೆಯನ್ನು ಬಳಸುವ ಸ್ವಾತಂತ್ರ್ಯ ಸಿಗುತ್ತದೆ. ಈಚಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರುಗಳು ಕ್ಯಾಮೆರಾದೊಳಗಿನ ಸಂಸ್ಕರಣೆಗಿಂತ ಬಹಳ ನಾಜೂಕಾಗಿ ಕೆಲಸ ಮಾಡುವುದರಿಂದ ಐಎಸ್‌ಒ 800ರ ಚಿತ್ರಗಳೂ ಉಳಿದುಕೊಳ್ಳುತ್ತವೆ. ಪಿ900ರಲ್ಲಿ ರಾ ಸೌಲಭ್ಯವೇ ಇಲ್ಲ. ಪಿ950, ಪಿ1000, ಎಸ್‌ಎಕ್ಸ್70 ಮತ್ತು ಆರ್‌ಎಕ್ಸ್10ರಲ್ಲಿ ಇದೆ. ಪಿ900 ಉಳ್ಳವರು ಮೆನುವಿನಲ್ಲಿ ನಾಯ್ಸ್ ತೆಗೆಯುವ ಪ್ರಮಾಣವನ್ನು ಕಡಿಮೆ ಮಾಡಿಟ್ಟು ನೋಡಬಹುದು. ಅತಿಯಾಗಿ ಚೂಪುಗೊಳಿಸಿದರೆ ಹಕ್ಕಿಯ ಸುತ್ತ ಬಿಳಿ ಗೆರೆ ಮೂಡುತ್ತದೆ. ಕೃತಕ ಬುದ್ಧಿಮತ್ತೆಯ ಕೆಲವು ಸಾಫ್ಟ್‌ವೇರುಗಳು ಇಲ್ಲದ ಗರಿಗಳನ್ನೂ ಬರೆದುಬಿಡುತ್ತವೆ. ಜಾತಿ ಗುರುತಿಸುವ ಉದ್ದೇಶದ ಚಿತ್ರಗಳಿಗೆ ಅವನ್ನು ಬಳಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು?

16 ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ 4,608 ಅಡ್ಡ, 3,456 ಉದ್ದ ಪಿಕ್ಸೆಲ್‌ಗಳಿರುತ್ತವೆ. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಇದು 15 ಇಂಚಿಗೂ ತುಸು ಹೆಚ್ಚು ಅಗಲದ ಪ್ರಿಂಟ್ ಆಗಬೇಕು. ಆದರೆ ಪ್ರತಿ ಪಿಕ್ಸೆಲ್ಲಿನಲ್ಲೂ ವಿವರ ಇಲ್ಲವೆಂಬುದನ್ನು ಮೇಲೆ ನೋಡಿದ್ದೇವೆ. ಒಳ್ಳೆಯ ಬೆಳಕಿನಲ್ಲಿ, ಕತ್ತರಿಸದೆ ಉಳಿಸಿಕೊಂಡ ಚಿತ್ರವನ್ನು 12×8 ಇಂಚಿಗೆ ಹಾಕಿಸಿ ಕೈಯಲ್ಲಿ ಹಿಡಿದು ನೋಡಬಹುದು, 18×12 ಇಂಚಿಗೆ ಹಾಕಿಸಿ ಗೋಡೆಗೆ ತೂಗುಹಾಕಬಹುದು. ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು 2 ಮೆಗಾಪಿಕ್ಸೆಲ್, 4ಕೆ ಟಿ.ವಿ.ಗೆ 8. ಹಿಗ್ಗಿಸಿ ಒಂದೊಂದು ಪಿಕ್ಸೆಲ್ ನೋಡಿ ಕೊರಗುವವರು, ಆ ಚಿತ್ರವನ್ನು ಮುಂದೆ ಯಾರಾದರೂ ಆ ಗಾತ್ರದಲ್ಲಿ ನೋಡುವರೇ ಎಂದು ಯೋಚಿಸಬೇಕು. ನಮ್ಮ ಮನೆಯ ಗೋಡೆಯ ಮೇಲಿರುವ ಕಳ್ಳಿಪೀರದ ಚಿತ್ರ ಚಿಕ್ಕ ಸೆನ್ಸರಿನದೇ. ಬಂದವರು ಇದುವರೆಗೆ ಹಕ್ಕಿಯ ಹೆಸರು ಕೇಳಿದ್ದಾರೆಯೇ ಹೊರತು ಕ್ಯಾಮೆರಾದ ಹೆಸರು ಕೇಳಿಲ್ಲ.

ಡಿಜಿಟಲ್ ಜೂಮ್ ಬಳಸಬಹುದೇ?

ಬೇಡ. 83 ಪಟ್ಟು 166 ಆಗುವುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದರಿಂದ. ಅದನ್ನು ಮನೆಯಲ್ಲೂ ಮಾಡಬಹುದು.

ಚಂದ್ರನ ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ?

ಇಂಥ ಕ್ಯಾಮೆರಾಗಳು ತಮ್ಮ ಬೆಲೆಗೆ ಮೀರಿದ ಫಲ ಕೊಡುವ ವಿಷಯ ಇದು. ಚಂದ್ರ ಬಿಸಿಲು ಬಿದ್ದ ಬಂಡೆಯ ಹಾಗೆ. ರಾತ್ರಿಯಾದರೂ ಅಲ್ಲಿ ಬೆಳಕಿಗೆ ಬರವಿಲ್ಲ. ಪಿ900ರಲ್ಲಿ ಪೂರ್ಣಚಂದ್ರ ಚೌಕಟ್ಟಿನ ಎತ್ತರದ ಸುಮಾರು 70 ಶೇಕಡ ತುಂಬುತ್ತಾನೆ. ಪಿ1000ದಲ್ಲಿ ಚೌಕಟ್ಟಿನಿಂದ ತುಸು ಹೊರಕ್ಕೇ ಉಕ್ಕುತ್ತಾನೆ. ಐಎಸ್‌ಒ 100, ಎಫ್/6.5, 1/125ರಿಂದ 1/250 ಸೆಕೆಂಡ್ ಇಟ್ಟು, ಟ್ರೈಪಾಡಿನ ಮೇಲೆ ಎರಡು ಸೆಕೆಂಡ್ ಟೈಮರ್ ಹಾಕಿ ತೆಗೆಯಿರಿ. ಎಲ್ಲವನ್ನೂ ಆಟೊಗೆ ಬಿಟ್ಟರೆ ಸುತ್ತಲಿನ ಕತ್ತಲೆಗೆ ಮೋಸಹೋಗಿ ಕ್ಯಾಮೆರಾ ಚಂದ್ರನನ್ನು ಬಿಳಿ ತಟ್ಟೆ ಮಾಡುತ್ತದೆ. ಭೂಮಿಯ ಆವರ್ತನದಿಂದ ಚಂದ್ರ ತನ್ನ ವ್ಯಾಸದಷ್ಟು ದೂರವನ್ನು ಎರಡು ನಿಮಿಷದಲ್ಲಿ ಸರಿಯುವುದರಿಂದ ಪ್ರತಿ ಚಿತ್ರಕ್ಕೂ ಚೌಕಟ್ಟನ್ನು ಸರಿಪಡಿಸಬೇಕು. ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸು ಮೇಲು. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು ಆಳ ಕಾಣುತ್ತದೆ.

ವಿಕ್ರಮ್ ಲ್ಯಾಂಡರ್ ಕಾಣುತ್ತದೆಯೇ ಎಂದು ಮಕ್ಕಳು ಕೇಳುವುದುಂಟು. 55 ಮಿ.ಮೀ. ಕಂಡಿಗೆ ಚಂದ್ರನ ದೂರದಲ್ಲಿ ಬಿಡಿಸಿ ತೋರಿಸಲು ಸಾಧ್ಯವಾಗುವ ಅತಿ ಸೂಕ್ಷ್ಮ ಅಂತರ ಸುಮಾರು 4.7 ಕಿ.ಮೀ. 2023ರ ಆಗಸ್ಟ್ 23ರಂದು ಇಳಿದ ಲ್ಯಾಂಡರಿನ ಗಾತ್ರ ಕೆಲವೇ ಮೀಟರ್. ಆದರೆ 85 ಕಿ.ಮೀ. ಅಗಲದ ಟೈಕೋ ಕುಳಿಯೂ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿಯೂ ಸ್ಪಷ್ಟವಾಗಿ ಕಾಣುತ್ತವೆ. ಗುರುಗ್ರಹ ಹತ್ತಿರವಿದ್ದಾಗ ಐವತ್ತು ಅರವತ್ತು ಪಿಕ್ಸೆಲ್ ಅಗಲದ ಪುಟ್ಟ ಬಿಲ್ಲೆಯಾಗಿಯೂ, ಅದರ ನಾಲ್ಕು ದೊಡ್ಡ ಉಪಗ್ರಹಗಳು ಪಕ್ಕದ ಚುಕ್ಕೆಗಳಾಗಿಯೂ ಬರುತ್ತವೆ. ಸೂಕ್ತ ಸೌರ ಫಿಲ್ಟರ್ ಇಲ್ಲದೆ ಸೂರ್ಯನ ಕಡೆಗೆ ಮಾತ್ರ ಜೂಮ್ ತಿರುಗಿಸಬಾರದು.

ಮೊಬೈಲಿನಲ್ಲೇ 100 ಪಟ್ಟು ಜೂಮ್ ಇರುವಾಗ ಬೇರೆ ಕ್ಯಾಮೆರಾ ಏಕೆ?

ಮೊಬೈಲಿನ ಆ ಸಂಖ್ಯೆಯಲ್ಲಿ ಹೆಚ್ಚಿನ ಪಾಲು ಡಿಜಿಟಲ್ ಹಿಗ್ಗು. ಅದರ ದೂರದ ಲೆನ್ಸಿಗೆ ಬೆಳಕಿನ ಕಂಡಿ ಕೆಲವೇ ಮಿಲಿಮೀಟರ್. ಚಂದ್ರನ ಕುಳಿಗಳು ಕೆಲವು ಮೊಬೈಲುಗಳಲ್ಲಿ ಅಚ್ಚರಿಯೆನಿಸುವಷ್ಟು ಚೂಪಾಗಿ ಬರುವುದು ಲೆನ್ಸಿನ ಬಲದಿಂದಲ್ಲ, ಚಂದ್ರ ಹೇಗಿರುತ್ತಾನೆಂದು ಮೊದಲೇ ಕಲಿತಿರುವ ಸಾಫ್ಟ್‌ವೇರಿನ ನೆರವಿನಿಂದ. ಹತ್ತಿರದ ದೃಶ್ಯ, ಮನೆಮಂದಿ, ಊಟದ ತಟ್ಟೆ ಇವುಗಳಿಗೆ ಮೊಬೈಲ್ ಸೂಪರ್‌ಜೂಮಿಗಿಂತ ಚೆನ್ನಾಗಿ ಚಿತ್ರ ಕೊಡುವುದನ್ನು ಮಾತ್ರ ಒಪ್ಪಲೇಬೇಕು.

ಹಾರುವ ಹಕ್ಕಿ ಸಿಗುವುದೇ ಇಲ್ಲ. ಅಭ್ಯಾಸದ ಕೊರತೆಯೇ?

ಅರ್ಧ ಅಭ್ಯಾಸ, ಅರ್ಧ ಯಂತ್ರ. ಪಿ900, ಪಿ1000 ಸೆಕೆಂಡಿಗೆ 7ರಂತೆ 7 ಚಿತ್ರ ತೆಗೆದು ನಿಂತುಬಿಡುತ್ತವೆ. ಫೋಕಸ್ ಆಕಾಶದಲ್ಲಿ ಹಿಂದುಮುಂದಾಗಿ ತಡಕಾಡುತ್ತದೆ. ಆರ್‌ಎಕ್ಸ್10ರ ನಾಲ್ಕನೆಯ ಆವೃತ್ತಿ ಮಾತ್ರ ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಫೋಕಸ್ ಹಿಡಿದುಕೊಂಡು ಹೋಗಬಲ್ಲದು. ನಿಧಾನವಾಗಿ ರೆಕ್ಕೆ ಬಡಿಯುವ ಹೆಜ್ಜಾರ್ಲೆಯಿಂದ ಅಭ್ಯಾಸ ಆರಂಭಿಸಿ, ಜೂಮನ್ನು 500 ಮಿ.ಮೀ. ಸುಮಾರಿಗೆ ಇಳಿಸಿಕೊಂಡರೆ ಕೆಲವಾದರೂ ದಕ್ಕುತ್ತವೆ. ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಂಡಾಗ ಕ್ಷಣಕಾಲ ಜೂಮನ್ನು ಹಿಂದಕ್ಕೆ ಎಳೆದು ಮರಳಿಸುವ ಗುಂಡಿಯಿದ್ದರೆ ಅದನ್ನು ಬೆರಳಿಗೆ ಅಭ್ಯಾಸ ಮಾಡಿಸಿಕೊಳ್ಳಬೇಕು.

ಮಲೆನಾಡು, ಕರಾವಳಿಯ ತೇವದಲ್ಲಿ ಗುಣಮಟ್ಟ ಕಾಲಕ್ರಮೇಣ ಕುಸಿಯುತ್ತದೆಯೇ?

ಕುಸಿಯಬಹುದು. ಜೂಮ್ ಹಿಂದೆಮುಂದೆ ಚಾಚುವಾಗಲೆಲ್ಲ ಗಾಳಿ ಒಳಹೊರಗಾಗುತ್ತದೆ. ಅದರ ಜೊತೆ ಧೂಳೂ ತೇವವೂ ಸೇರುತ್ತವೆ. ಲೆನ್ಸ್ ಬಿಚ್ಚಲು ಬಾರದಿರುವುದರಿಂದ ಸೆನ್ಸರಿನ ಮೇಲೆ ಕುಳಿತ ಧೂಳನ್ನು ನಾವೇ ತೆಗೆಯಲಾಗದು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ತಿಂಗಳುಗಟ್ಟಲೆ ಇಟ್ಟರೆ ಲೆನ್ಸಿನೊಳಗೆ ಬೂಷ್ಟು ಬೆಳೆದು ಚಿತ್ರದ ಮೇಲೆ ತೆಳು ಪೊರೆ ಕವಿದಂತಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುವುದು ಸುಲಭದ ಉಪಾಯ. ಹಳೆಯ ಕ್ಯಾಮೆರಾ ಕೊಳ್ಳುವವರು ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು ಜೇಡರಬಲೆಯಂಥ ಎಳೆಗಳಿವೆಯೇ ಎಂದು ನೋಡಿಯೇ ಹಣ ಕೊಡಬೇಕು.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಕ್ಯಾಮೆರಾದಲ್ಲೇ ದೋಷವಿದೆ ಎನಿಸುತ್ತದೆ. ಹೇಗೆ ಪರೀಕ್ಷಿಸುವುದು?

ಒಂದು ಕನ್ನಡ ದಿನಪತ್ರಿಕೆಯ ಪುಟವನ್ನು ನೆರಳಿರುವ ಗೋಡೆಗೆ ಮಟ್ಟಸವಾಗಿ ಅಂಟಿಸಿ, ಮುಂಜಾನೆ ಬೆಳಕಿನಲ್ಲಿ 10 ಮೀಟರ್ ದೂರದಲ್ಲಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಪುಟಕ್ಕೆ ನೇರವಾಗಿ ನಿಲ್ಲಿಸಿ. ಸ್ಥಿರೀಕರಣವನ್ನು ಆಫ್ ಮಾಡಿ, ಐಎಸ್‌ಒ 100ಕ್ಕೆ ಇಟ್ಟು, ಟೈಮರ್ ಹಾಕಿ, ಜೂಮಿನ ನಾಲ್ಕೈದು ಹಂತಗಳಲ್ಲಿ ಮೂರು ಮೂರು ಚಿತ್ರ ತೆಗೆಯಿರಿ. ಪೂರ್ತಿ ಜೂಮಿನಲ್ಲಿ ಚೌಕಟ್ಟಿಗೆ ಸಿಗುವುದು 17 ಸೆಂ.ಮೀ. ಅಗಲದ ತುಣುಕು ಮಾತ್ರ. ಅದರಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳ ಒಳಸಂದುಗಳು ತುಂಬಿಕೊಳ್ಳದೆ ಬಿಡಿಬಿಡಿಯಾಗಿ ಕಂಡರೆ ಲೆನ್ಸ್ ಸರಿಯಾಗಿದೆ. ನಾಲ್ಕೂ ಮೂಲೆಗಳು ಒಂದೇ ಪ್ರಮಾಣದಲ್ಲಿ ಮಂಕಾಗಿದ್ದರೆ ಅದು ಸಹಜ. ಒಂದು ಪಕ್ಕ ಚೂಪಾಗಿದ್ದು ಇನ್ನೊಂದು ಪಕ್ಕ ಯಾವಾಗಲೂ ಕಲಸಿಹೋಗಿದ್ದರೆ ಒಳಗಿನ ಗಾಜೊಂದು ಓರೆಯಾಗಿದೆ ಎಂದರ್ಥ, ಸರ್ವೀಸ್ ಸೆಂಟರಿಗೆ ಒಯ್ಯಲು ಆಗ ಕಾರಣವಿದೆ.

ಒಯ್ಯುವ ಮೊದಲು ಲೆನ್ಸಿನ ಮುಂದಿನ ಯುವಿ ಫಿಲ್ಟರನ್ನು ಬಿಚ್ಚಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ನನ್ನ ಮೊದಲ ಕ್ಯಾಮೆರಾವನ್ನು ಎರಡು ಬಾರಿ ರಿಪೇರಿಗೆ ಕೊಟ್ಟು, ಎರಡು ಬಾರಿಯೂ ಏನೂ ದೋಷವಿಲ್ಲವೆಂಬ ಚೀಟಿಯೊಂದಿಗೆ ಮರಳಿ ಪಡೆದಿದ್ದೆ. ಕೊಡುವ ಮುನ್ನ ಪ್ರತಿಸಲವೂ ಫಿಲ್ಟರನ್ನು ಜೋಪಾನವಾಗಿ ಬಿಚ್ಚಿ ಮನೆಯಲ್ಲಿಡುತ್ತಿದ್ದೆ, ತಂದ ಕೂಡಲೇ ಮತ್ತೆ ಹಾಕುತ್ತಿದ್ದೆ. ಇನ್ನೂರು ರೂಪಾಯಿಯ ಆ ಗಾಜು ಪೂರ್ತಿ ಜೂಮಿನಲ್ಲಿ ಚಿತ್ರವನ್ನೆಲ್ಲ ಕಲಸುತ್ತಿತ್ತೆಂದು ತಿಳಿಯಲು ನನಗೆ ಎಂಟು ತಿಂಗಳು ಹಿಡಿಯಿತು.